ಪೀಣ್ಯದ ಜರ್ಮನ್ ಕಾರ್ಬೈಡ್ ಟೂಲ್ ಘಟಕದ ವಿಸ್ತರಣೆ: ಯಾವ ತೆರಿಗೆ ರಿಯಾಯಿತಿ ನಿಜವಾಗಿ ಕೈಗೆ ಸಿಗುತ್ತೆ?

ಎಂಡ್‌ಮಿಲ್_12 (ಪ್ರಶ್ನೆ)

ವಿಷಯ ತಿಳಿದವರಿಂದ ಸಲಹೆ ಬೇಕಿತ್ತು. ಘಟಕ ಪೀಣ್ಯ ಎರಡನೇ ಹಂತದಲ್ಲಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಷೇರು ಪೂರ್ತಿ ಜರ್ಮನಿಯ ಮಾತೃಸಂಸ್ಥೆಯದ್ದು. ಸಾಲಿಡ್ ಕಾರ್ಬೈಡ್ (ಟಂಗ್‌ಸ್ಟನ್, ಕೋಬಾಲ್ಟ್ ಇರೋ ಗಟ್ಟಿ ವಸ್ತು) ಡ್ರಿಲ್, ಎಂಡ್‌ಮಿಲ್ (ಲೋಹ ಕೆತ್ತುವ ಟೂಲ್) ತಯಾರಿಕೆ, ಜೊತೆಗೆ ಗ್ರಾಹಕರ ಹಳೇ ಟೂಲ್‌ಗಳ ರೀಗ್ರೈಂಡಿಂಗ್ (ಮತ್ತೆ ಸಾಣೆ ಹಿಡಿಯೋದು). ಈಗ 60 ಜನ ಇದ್ದಾರೆ. ಆದಾಯ ತೆರಿಗೆಯಲ್ಲಿ 22 ಶೇಕಡಾ ದರ ಆಯ್ಕೆ ಮಾಡಿಕೊಂಡು ಆಗಿದೆ.

ವಿಸ್ತರಣೆಯ ಯೋಜನೆ ಹೀಗಿದೆ. 5 ಅಕ್ಷದ ಟೂಲ್ ಗ್ರೈಂಡರ್ ಹೊಸದು 7 (ಒಂದಕ್ಕೆ ಸುಮಾರು ₹4 ಕೋಟಿ), ಜರ್ಮನಿಯ ಘಟಕದಿಂದ ಬಳಸಿದ ಯಂತ್ರ 5 (ಒಟ್ಟು ₹6 ಕೋಟಿ), ಒಂದು ಪಿವಿಡಿ ಕೋಟಿಂಗ್ ಛೇಂಬರ್ (ನಿರ್ವಾತದಲ್ಲಿ ಟೂಲ್ ಮೇಲೆ ತೆಳುವಾದ ಗಟ್ಟಿ ಲೇಪ ಕೂರಿಸೋದು, ₹6 ಕೋಟಿ), ಕಟ್ಟಡ ಮತ್ತು ವಿದ್ಯುತ್ ಕೆಲಸಕ್ಕೆ ₹8 ಕೋಟಿ. ಹೊಸದಾಗಿ 36 ಜನ, ಬಹುತೇಕ ಐಟಿಐ ಮತ್ತು ಡಿಪ್ಲೊಮಾ, ತಿಂಗಳಿಗೆ ₹22,000 ಆಸುಪಾಸು. ತಯಾರಾದದ್ದರಲ್ಲಿ ಅರ್ಧ ಜರ್ಮನಿಗೆ, ಅರ್ಧ ಇಲ್ಲಿನ ಆಟೊ ಮತ್ತು ಏರೋಸ್ಪೇಸ್ ಗ್ರಾಹಕರಿಗೆ.

ಕೇಳಬೇಕಾದದ್ದು: ಹೊಸ ಕಂಪನಿ ತೆರೆದರೆ 15 ಶೇಕಡಾ ತೆರಿಗೆ ಸಿಗುತ್ತೆ ಅಂತ ಒಬ್ಬ ಕನ್ಸಲ್ಟೆಂಟ್ ಹೇಳಿದ್ದಾರೆ, ನಿಜವಾ? ಯಂತ್ರಗಳಿಗೆ ಇಪಿಸಿಜಿ (ರಫ್ತು ಮಾಡೋ ಕರಾರಿನ ಮೇಲೆ ಯಂತ್ರದ ಆಮದು ಸುಂಕ ಮನ್ನಾ ಆಗೋ ಯೋಜನೆ) ಒಳ್ಳೆಯದಾ, ಮೂವರ್ (ಕಾರ್ಖಾನೆಯನ್ನೇ ಕಸ್ಟಮ್ಸ್ ಗೋದಾಮು ಮಾಡಿ ಸುಂಕ ಮುಂದೂಡೋ ಯೋಜನೆ) ಒಳ್ಳೆಯದಾ? ಪೀಣ್ಯದಲ್ಲೇ ಪಕ್ಕದ ಶೆಡ್ ಬಾಡಿಗೆಗೆ ಹಿಡಿಯೋದಾ, ತುಮಕೂರಿನ ವಸಂತನರಸಾಪುರಕ್ಕೆ ಹೋಗೋದಾ? ರಾಜ್ಯ ಸರ್ಕಾರದ ಸಬ್ಸಿಡಿ ಲೆಕ್ಕಕ್ಕೆ ಹಿಡಿಯಬಹುದಾ?

---

ಲೆಕ್ಕಪತ್ರ

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಆದಾಯ ತೆರಿಗೆಯ 115ಬಿಎಬಿ ಸೆಕ್ಷನ್ ಅಡಿಯ 15 ಶೇಕಡಾ ದರ (ಸರ್‌ಚಾರ್ಜ್, ಸೆಸ್ ಸೇರಿ 17.16) ಸಿಗುತ್ತಿದ್ದದ್ದು 1 ಅಕ್ಟೋಬರ್ 2019ರ ನಂತರ ನೋಂದಾಯಿಸಿ, 31 ಮಾರ್ಚ್ 2024ರೊಳಗೆ ಉತ್ಪಾದನೆ ಶುರು ಮಾಡಿದ ಕಂಪನಿಗಳಿಗೆ ಮಾತ್ರ. ಬಾಗಿಲು ಮುಚ್ಚಿದೆ. ಈಗ ಹೊಸ ಕಂಪನಿ ತೆರೆದರೂ ಅದರ ದರ ನಿಮ್ಮ ಈಗಿನ ದರವೇ, ಅಂದರೆ ಎಲ್ಲ ಸೇರಿ 25.168. ಎರಡು ಕಂಪನಿಗೆ ಎರಡು ಆಡಿಟ್, ಎರಡು ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿ (ಮಾತೃಸಂಸ್ಥೆ ಜೊತೆಗಿನ ವ್ಯವಹಾರದ ಬೆಲೆಯ ವರದಿ), ಜೊತೆಗೆ ಹಳೇ ಕಂಪನಿಯನ್ನು ಒಡೆದು ಮಾಡಿದ್ದು ಎಂಬ ತಕರಾರು. ಆ ದಾರಿ ಬಿಡಿ. ಅಂದಹಾಗೆ 1 ಏಪ್ರಿಲ್ 2026ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬೇರೆ. ಎಲ್ಲರ ಬಾಯಲ್ಲಿ ಇರೋದು ಹಳೇ ಸಂಖ್ಯೆ, ನಾನೂ ಅದನ್ನೇ ಬಳಸುತ್ತಿದ್ದೇನೆ.

22ರ ದರ ಆಯ್ಕೆ ಮಾಡಿದ ಮೇಲೆ ಹೊಸ ಯಂತ್ರಗಳ ಮೇಲಿನ 20 ಶೇಕಡಾ ಹೆಚ್ಚುವರಿ ಸವಕಳಿ ನಿಮಗಿಲ್ಲ. ಉಳಿದದ್ದು ಎರಡೇ: ಸಾಮಾನ್ಯ ಸವಕಳಿಯ ದಿನಾಂಕ ಮತ್ತು 80ಜೆಜೆಎಎ (ಹೊಸ ನೌಕರರ ಸಂಬಳದ ಮೇಲಿನ ಕಡಿತ).

ಸವಕಳಿ ಯಂತ್ರಕ್ಕೆ 15 ಶೇಕಡಾ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ. ಲೆಕ್ಕ ಹಾಕಿದರೆ ಅಕ್ಟೋಬರ್ 3ರೊಳಗೆ ಯಂತ್ರ ಕೆಲಸಕ್ಕೆ ಇಳಿದಿರಬೇಕು. ನಿಮ್ಮ ₹40 ಕೋಟಿಯ ಯಂತ್ರಗಳಿಗೆ ಪೂರ್ತಿ ಸವಕಳಿ ₹6 ಕೋಟಿ, ಅರ್ಧವಾದರೆ ₹3 ಕೋಟಿ. ಆ ವರ್ಷ ಕಟ್ಟುವ ತೆರಿಗೆಯಲ್ಲಿ ಸುಮಾರು ₹75 ಲಕ್ಷ ವ್ಯತ್ಯಾಸ. ಅದು ಮುಳುಗುವ ದುಡ್ಡಲ್ಲ, ಮುಂದಿನ ವರ್ಷಗಳಲ್ಲಿ ವಾಪಸ್ ಬರುತ್ತೆ, ಆದರೂ ಸಾಲದ ಬಡ್ಡಿ ಕಟ್ಟುವ ವರ್ಷದಲ್ಲಿ ಅದು ದೊಡ್ಡ ಮೊತ್ತ. ಯಂತ್ರ ಬಂದು ನಿಂತಿದೆ ಅನ್ನೋದು ಸಾಲದು. ಇನ್‌ಸ್ಟಲೇಷನ್ ವರದಿ, ಮೊದಲ ಬ್ಯಾಚ್‌ನ ಜಾಬ್ ಕಾರ್ಡ್, ಆ ಬ್ಯಾಚ್‌ನ ಅಳತೆ ವರದಿ, ಮೂರೂ ದಿನಾಂಕ ಸಮೇತ ಫೈಲಿನಲ್ಲಿರಲಿ.

80ಜೆಜೆಎಎ: ಹೆಚ್ಚುವರಿ ನೌಕರರ ಸಂಬಳದ 30 ಶೇಕಡಾವನ್ನು 3 ವರ್ಷ ಕಳೆಯಬಹುದು, 22ರ ದರದವರಿಗೂ ಇದು ಉಂಟು. 36 ಜನ × ₹22,000 × 12 ಅಂದರೆ ವರ್ಷಕ್ಕೆ ₹95.04 ಲಕ್ಷ. ಅದರ 30 ಶೇಕಡಾ ₹28.5 ಲಕ್ಷ. ಮೂರು ವರ್ಷದಲ್ಲಿ ಉಳಿಯುವ ತೆರಿಗೆ ಒಟ್ಟು ₹21.5 ಲಕ್ಷ. ಕೆಡುವ ಜಾಗಗಳು ಇವು:

ತಿಂಗಳ ಒಟ್ಟು ಸಂಬಳ ₹25,000 ದಾಟಿದ ನೌಕರ ಲೆಕ್ಕಕ್ಕಿಲ್ಲ. ಓವರ್‌ಟೈಮ್ ಕೊಟ್ಟು ಕೊಟ್ಟು ಮಿತಿ ಮೀರಿದರೆ ಅವರ ಪಾಲು ಹೋಯಿತು. ಆ ವರ್ಷ 240 ದಿನ ಕೆಲಸ ಮಾಡಿರಬೇಕು, ಅಂದರೆ ಆಗಸ್ಟ್ 4ರೊಳಗೆ ಸೇರಿರಬೇಕು. ತಡವಾಗಿ ಸೇರಿದವರು ಮುಂದಿನ ವರ್ಷ 240 ದಿನ ಪೂರೈಸಿದರೆ ಆ ವರ್ಷ ಸೇರಿದಂತೆ ಲೆಕ್ಕ. ಪಿಎಫ್ ಇರಲೇಬೇಕು, ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ: ಗುತ್ತಿಗೆದಾರನ ಪಟ್ಟಿಯಲ್ಲಿರುವ ಹುಡುಗರು ನಿಮ್ಮ ನೌಕರರಲ್ಲ. ಪೀಣ್ಯದಲ್ಲಿ ಅರ್ಧ ಶಾಪ್ ಗುತ್ತಿಗೆಯ ಮೇಲೆ ನಡೆಯುತ್ತೆ, ಅಂಥ ಕಡೆ ಈ ಸೆಕ್ಷನ್ ಕಾಗದದ ಮೇಲೆ ಮಾತ್ರ. 10ಡಿಎ ನಮೂನೆಯ ಸಿಎ ವರದಿಯನ್ನು ರಿಟರ್ನ್ ಗಡುವಿಗೆ ಒಂದು ತಿಂಗಳು ಮೊದಲೇ ಹಾಕಬೇಕು.

ಇದರ ಜೊತೆಗೆ ತೆರಿಗೆಯಲ್ಲದ ಇನ್ನೊಂದು: ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 1 ಆಗಸ್ಟ್ 2025ರಿಂದ 31 ಜುಲೈ 2027ರ ನಡುವೆ ಸೃಷ್ಟಿಯಾದ ಉದ್ಯೋಗಗಳಿಗೆ, ಹೆಚ್ಚುವರಿ ನೌಕರನೊಬ್ಬನಿಗೆ ತಿಂಗಳಿಗೆ ₹3,000ವರೆಗೆ ಮಾಲೀಕರಿಗೆ ಬರುತ್ತೆ, ಉತ್ಪಾದನಾ ವಲಯಕ್ಕೆ 4 ವರ್ಷ. 50ಕ್ಕಿಂತ ಹೆಚ್ಚು ಜನ ಇರುವ ನೀವು ಕನಿಷ್ಠ 5 ಜನ ಹೆಚ್ಚಿಸಬೇಕು, ಅವರನ್ನು 6 ತಿಂಗಳಾದರೂ ಉಳಿಸಿಕೊಳ್ಳಬೇಕು. 36 × 3,000 × 12 ಅಂದರೆ ವರ್ಷಕ್ಕೆ ₹12.96 ಲಕ್ಷ. ಆದರೆ ₹3,000 ಸಿಗುವುದು ಪಿಎಫ್ ಲೆಕ್ಕದ ವೇತನ ₹20,000 ದಾಟಿದವರಿಗೆ. ಒಟ್ಟು ₹22,000 ಕೊಟ್ಟು ಪಿಎಫ್‌ಗೆ ₹15,000 ಮಾತ್ರ ತೋರಿಸಿದರೆ ₹2,000ದ ಹಂತಕ್ಕೆ ಇಳಿಯುತ್ತೀರಿ. ಸಂಬಳದ ರಚನೆಯನ್ನು ನೇಮಕಾತಿ ಪತ್ರ ಅಚ್ಚಾಗುವ ಮೊದಲು ಕೂತು ಬರೆಯಿರಿ.

---

ಸುಂಕದಕಟ್ಟೆ

ಕಸ್ಟಮ್ಸ್ ಭಾಗ ನಾನು ಹೇಳ್ತೀನಿ. ಮೊದಲು ನಿಮ್ಮ ನಿಜವಾದ ಸುಂಕದ ಹೊರೆ ಎಷ್ಟು ಅಂತ ನೋಡಿ, ಆಮೇಲೆ ಸ್ಕೀಮು.

ಗ್ರೈಂಡಿಂಗ್ ಯಂತ್ರಕ್ಕೆ ಬೇಸಿಕ್ ಡ್ಯೂಟಿ 7.5 ಶೇಕಡಾ, ಅದರ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಸರ್‌ಚಾರ್ಜ್ ಅಂದರೆ 0.75. ಇವೆರಡೇ ನಿಮ್ಮ ಜೇಬಿನಿಂದ ನಿಜವಾಗಿ ಹೋಗೋದು, 8.25. ನಂತರ 108.25ರ ಮೇಲೆ 18 ಶೇಕಡಾ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಅದು ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಅಂದರೆ ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಹೊಸ ಯಂತ್ರ ₹28 ಕೋಟಿಗೆ ಬೇಸಿಕ್ ಮತ್ತು ಸರ್‌ಚಾರ್ಜ್ ₹2.31 ಕೋಟಿ, ಐಜಿಎಸ್‌ಟಿ ₹5.46 ಕೋಟಿ.

ಇಪಿಸಿಜಿಯಲ್ಲಿ ಈ ₹7.77 ಕೋಟಿಯೂ ಮನ್ನಾ. ಅದಕ್ಕೆ ಪ್ರತಿಯಾಗಿ ಉಳಿಸಿದ ಸುಂಕದ 6 ಪಟ್ಟು ರಫ್ತನ್ನು 6 ವರ್ಷದಲ್ಲಿ ಮಾಡಬೇಕು: ₹46.62 ಕೋಟಿ. ಅರ್ಧ ಮೊದಲ 4 ವರ್ಷದಲ್ಲೇ ಆಗಬೇಕು. ಅರ್ಧ ಉತ್ಪಾದನೆ ಜರ್ಮನಿಗೇ ಹೋಗೋದಾದರೆ ಈ ಗುರಿ ಕಷ್ಟವಲ್ಲ ಅನ್ನಿಸುತ್ತೆ. ಕೊಕ್ಕೆ ಇರೋದು ಬೇರೆ ಕಡೆ. ಹಿಂದಿನ 3 ವರ್ಷದ ಸರಾಸರಿ ರಫ್ತನ್ನು ಪ್ರತಿ ವರ್ಷ ಉಳಿಸಿಕೊಂಡು, ಅದರ ಮೇಲೆ ಈ ₹46.62 ಕೋಟಿ. ಈಗಾಗಲೇ ಮಾತೃಸಂಸ್ಥೆಗೆ ರಫ್ತು ಮಾಡ್ತಾ ಇದ್ದರೆ ಆ ಸರಾಸರಿ ಕೂಡ ತಲೆ ಮೇಲೆ ಕೂರುತ್ತೆ. ಜರ್ಮನಿಯಲ್ಲಿ ಆರ್ಡರ್ ಕುಸಿದ ವರ್ಷ ಎರಡೂ ಒಟ್ಟಿಗೆ ಕೈಕೊಡುತ್ತೆ, ಆಗ ಸುಂಕದ ಜೊತೆ 15 ಶೇಕಡಾ ಬಡ್ಡಿ.

"ಐಜಿಎಸ್‌ಟಿ ಕಟ್ಟಿಬಿಟ್ಟರೆ ಗುರಿ ಕಡಿಮೆಯಾಗುತ್ತೆ" ಅನ್ನೋ ಸಲಹೆ ಬರುತ್ತೆ. ಕಡಿಮೆ ಆಗೋದು ನಗದಾಗಿ ಕಟ್ಟಿ, ಅದರ ಕ್ರೆಡಿಟ್ ತೆಗೆದುಕೊಳ್ಳದೇ ಇದ್ದಾಗ ಮಾತ್ರ. ಕ್ರೆಡಿಟ್ ಬಿಟ್ಟುಕೊಡೋ ಹುಚ್ಚುತನ ಯಾರೂ ಮಾಡಲ್ಲ.

ಇನ್ನು ದೊಡ್ಡ ವಿಷಯ: ಬಳಸಿದ ಯಂತ್ರಗಳಿಗೆ ಇಪಿಸಿಜಿ ಇಲ್ಲವೇ ಇಲ್ಲ. ಆ 5 ಯಂತ್ರ ಹೊರಗೆ. ಅದರ ಬೆಲೆಗೆ ನಿಮ್ಮ ಕಂಪನಿಯ ಷೇರು ತಗೋತೀವಿ ಅನ್ನೋ ಯೋಚನೆ ಮಾತೃಸಂಸ್ಥೆಗೆ ಇದ್ದರೆ ಅದೂ ಆಗಲ್ಲ. ಆಮದಾದ ಬಂಡವಾಳ ಸರಕಿಗೆ ಎದುರಾಗಿ ಷೇರು ಕೊಡುವ ಅನುಕೂಲದಿಂದ ಬಳಸಿದ ಯಂತ್ರವನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಹಣ ತರಿಸಿ, ಷೇರು ಕೊಟ್ಟು, 30 ದಿನದೊಳಗೆ ಎಫ್‌ಸಿ-ಜಿಪಿಆರ್ (ರಿಸರ್ವ್ ಬ್ಯಾಂಕಿಗೆ ಕೊಡೋ ವರದಿ) ಹಾಕಿ, ಆಮೇಲೆ ಆ ಹಣದಲ್ಲಿ ಯಂತ್ರ ಕೊಳ್ಳಬೇಕು.

ನನ್ನ ಮತ ಮೂವರ್‌ಗೆ. ಕಸ್ಟಮ್ಸ್ ಕಾಯ್ದೆಯ 65ನೇ ಸೆಕ್ಷನ್, 2019ರ ನಿಯಮ. ನಿಮ್ಮ ಶೆಡ್ಡೇ ಬಾಂಡೆಡ್ ಗೋದಾಮು (ಸುಂಕ ಕಟ್ಟದೆ ಆಮದು ಸರಕು ಇಡೋ ಜಾಗ) ಆಗುತ್ತೆ, ಯಂತ್ರದ ಸುಂಕ ಮುಂದಕ್ಕೆ ಹೋಗುತ್ತೆ, ಬಡ್ಡಿ ಇಲ್ಲ, ರಫ್ತು ಗುರಿ ಇಲ್ಲ. ತಯಾರಾದ ಟೂಲ್ ಇಲ್ಲೇ ಮಾರಿದರೂ ಯಂತ್ರದ ಸುಂಕ ಕಟ್ಟೋ ಹಾಗಿಲ್ಲ. ಆ ಟೂಲ್ ಒಳಗಿರೋ ಆಮದು ಕಾರ್ಬೈಡ್ ರಾಡ್‌ನ ಸುಂಕ ಮಾತ್ರ ಕಟ್ಟಬೇಕು. ಅರ್ಧ ದೇಶಿ ಮಾರಾಟ ಇರೋರಿಗೆ ಇದಕ್ಕಿಂತ ಒಗ್ಗೋ ಸ್ಕೀಮು ಇಲ್ಲ. ಆದರೆ ಇದು ಮನ್ನಾ ಅಲ್ಲ, ಮುಂದೂಡಿಕೆ. ಹತ್ತು ವರ್ಷದ ನಂತರ ಯಂತ್ರವನ್ನು ಇಲ್ಲೇ ಮಾರಿದರೆ ಮೊದಲ ದಿನದ ಬೆಲೆ ಮೇಲೆ ಸುಂಕ, ಸವಕಳಿ ಕೊಡಲ್ಲ. ದರ ಮಾತ್ರ ಹೊರತೆಗೆಯುವ ದಿನದ್ದು. ಬಳಸಿದ ಯಂತ್ರವನ್ನು ಅನುಮತಿ ಪಡೆದು ವಿದೇಶಕ್ಕೇ ಕಳಿಸಿದರೆ ಸುಂಕ ಇಲ್ಲ.

ಕ್ರಮ ಹೀಗೆ: 58ನೇ ಸೆಕ್ಷನ್ನಿನ ಖಾಸಗಿ ಗೋದಾಮು ಲೈಸೆನ್ಸ್ ಮತ್ತು 65ರ ಅನುಮತಿ, ಎರಡಕ್ಕೂ ಒಂದೇ ಅರ್ಜಿ. ಜೊತೆಗೆ ಜಾಗದ ದಾಖಲೆ, ನಕ್ಷೆ, ಬೆಂಕಿ ಸುರಕ್ಷೆಯ ಕಾಗದ, ಸುಂಕದ ಮೊತ್ತಕ್ಕೆ ವಿಮೆ, ಗೋದಾಮು ಪಾಲಕನ ನೇಮಕ ಮತ್ತು ಅವರ ಡಿಜಿಟಲ್ ಸಹಿ. ಸುಂಕದ ಮೂರು ಪಟ್ಟಿಗೆ ಬಾಂಡ್. ಲೈಸೆನ್ಸ್ ಕೈಗೆ ಬಂದ ಮೇಲೆ ಗೋದಾಮಿನ ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ ಪತ್ರ) ಹಾಕಿ ಯಂತ್ರ ತರೋದು. ಈ ಕೊನೆಯ ಸಾಲಿಗೆ ಅಡಿಗೆರೆ ಎಳೀರಿ. ಲೈಸೆನ್ಸ್ ಬರೋ ಮುಂಚೆ ಹಡಗು ಬಂದುಬಿಟ್ಟರೆ ಡೆಮರೇಜ್ (ಬಂದರಿನಲ್ಲಿ ಸರಕು ಉಳಿದರೆ ಬೀಳೋ ಶುಲ್ಕ) ಹೆದರಿಕೆಗೆ ಸಾಮಾನ್ಯ ಬಿಲ್ ಆಫ್ ಎಂಟ್ರಿ ಹಾಕಿ ಸುಂಕ ಕಟ್ಟಿಬಿಡ್ತಾರೆ. ಕಟ್ಟಿದ್ದು ಕಟ್ಟಿದ್ದೇ.

ಲೆಕ್ಕ ಇಡೋದರಲ್ಲೇ ಮೂವರ್ ಬದುಕೋದು, ಸಾಯೋದು. ಉದಾಹರಣೆಗೆ 12 ಮಿ.ಮೀ. ಗಿಡ್ಡ ಡ್ರಿಲ್, ಜರ್ಮನ್ ಮಾನದಂಡ ಡಿನ್ 6537 ಪ್ರಕಾರ ಒಟ್ಟು ಉದ್ದ 102 ಮಿ.ಮೀ. ರಾಡ್ ಬರೋದು 330 ಮಿ.ಮೀ. ಉದ್ದದಲ್ಲಿ. ಕತ್ತರಿಸೋ ನಷ್ಟ 1.5 ಸೇರಿಸಿ ಮೂರು ತುಂಡು ಅಂದರೆ 310.5, ಉಳಿದದ್ದು 19.5 ಮಿ.ಮೀ. ಸುಮಾರು 6 ಶೇಕಡಾ ತುದಿ ಚೂರು. ಆಮೇಲೆ ಫ್ಲೂಟ್ (ಡ್ರಿಲ್‌ನ ಸುರುಳಿ ತೋಡು) ತೆಗೆಯುವಾಗ ಹೋಗುವ ಪುಡಿ ಬೇರೆ. ಪ್ರತಿ ಟೂಲ್‌ಗೂ ರಾಡ್ ತೂಕ, ಟೂಲ್ ತೂಕ, ಚೂರು, ಪುಡಿ, ಈ ನಾಲ್ಕು ಅಂಕಿ ಇಆರ್‌ಪಿಯಲ್ಲಿ (ಕಂಪನಿಯ ಲೆಕ್ಕದ ಸಾಫ್ಟ್‌ವೇರ್) ಇರಬೇಕು. ದೇಶಿ ಮಾರಾಟದ ದಿನ ಯಾವ ಬಿಲ್ ಆಫ್ ಎಂಟ್ರಿಯ ರಾಡು ಎಷ್ಟು ಹೊರಗೆ ಹೋಯ್ತು ಅನ್ನೋದು ಇದರಿಂದಲೇ ಬರೋದು. ಕಾರ್ಬೈಡ್ ಚೂರಿಗೆ ಒಳ್ಳೆ ಬೆಲೆ ಇದೆ. ಫೆಬ್ರವರಿ 2025ರಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿಗೆ ಹಿಡಿತ ಹಾಕಿದ ಮೇಲಂತೂ ಗುಜರಿಯವರು ಮನೆ ಬಾಗಿಲಿಗೆ ಬರ್ತಾರೆ. ಬಾಂಡ್ ಲೆಕ್ಕಕ್ಕೆ ತಾರದೆ ಆ ಚೂರು ಮಾರಿದರೆ ಮೊದಲ ಆಡಿಟ್‌ನಲ್ಲೇ ಸಿಕ್ಕಿಬೀಳ್ತೀರಿ. ತಿಂಗಳ ರಿಟರ್ನ್ ಮುಂದಿನ ತಿಂಗಳ 10ರೊಳಗೆ.

ರೀಗ್ರೈಂಡಿಂಗ್‌ಗೆ ಬರೋ ಗ್ರಾಹಕರ ಟೂಲ್‌ಗಳನ್ನ ಬಾಂಡ್ ಜಾಗದೊಳಗೆ ಬೆರೆಸಬೇಡಿ. ನಿಯಮ ಬೇಡ ಅನ್ನಲ್ಲ, ಬೇರೆ ಲೆಕ್ಕ ಇದ್ದರೆ ಸಾಕು. ಆದರೂ ಹಳೇ ಶೆಡ್‌ನಲ್ಲಿ ರೀಗ್ರೈಂಡಿಂಗ್, ಹೊಸ ಶೆಡ್‌ಗೆ ಮಾತ್ರ ಲೈಸೆನ್ಸ್ ಮಾಡಿಕೊಂಡರೆ ತಲೆನೋವು ಅರ್ಧ ಕಡಿಮೆ.

ಬಳಸಿದ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇಕು: ತಯಾರಾದ ವರ್ಷ, ಆಗಿನ ಹೊಸ ಬೆಲೆ, ಉಳಿದ ಆಯಸ್ಸು, ರಿಪೇರಿ ಖರ್ಚು. ಕಳಿಸೋರು ನಿಮ್ಮದೇ ಮಾತೃಸಂಸ್ಥೆ ಆದ್ದರಿಂದ ಬೆಲೆಯ ಪ್ರಶ್ನೆ ವಿಶೇಷ ಮೌಲ್ಯಮಾಪನ ಶಾಖೆಗೆ ಹೋಗುತ್ತೆ, ಎಲ್ಲರೂ ಎಸ್‌ವಿಬಿ ಅನ್ನೋದು ಅದನ್ನೇ. ಜರ್ಮನ್ ಪುಸ್ತಕದಲ್ಲಿ ಬೆಲೆ ಸೊನ್ನೆಗೆ ಇಳಿದಿದೆ ಅಂತ ಇಲ್ಲಿ ಸೊನ್ನೆ ಹತ್ತಿರ ತೋರಿಸಿದರೆ ಒಪ್ಪಲ್ಲ.

ಕೊನೆಗೊಂದು. ಯಂತ್ರ ಎಲ್ಲಿಂದ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಸ್ಕೀಮಿಗಿಂತ ಮೊದಲು ಮೂಲ ದೇಶ ನೋಡಿ. ಜಪಾನ್ ಜೊತೆಗಿನ ಸುಂಕ ಇಳಿಸೋ ವ್ಯಾಪಾರ ಒಪ್ಪಂದ 2011ರಿಂದ, ಆಸ್ಟ್ರೇಲಿಯಾದ್ದು 29 ಡಿಸೆಂಬರ್ 2022ರಿಂದ, ಸ್ವಿಟ್ಜರ್ಲೆಂಡ್ ಇರುವ ಇಎಫ್‌ಟಿಎ ಗುಂಪಿನದ್ದು 1 ಅಕ್ಟೋಬರ್ 2025ರಿಂದ ಜಾರಿಯಲ್ಲಿದೆ. ಟೂಲ್ ಗ್ರೈಂಡರ್ ಮಾಡೋ ಹೆಸರಾಂತರು ಈ ಮೂರೂ ಕಡೆ ಇದ್ದಾರೆ. ನಿಮ್ಮ ಯಂತ್ರದ ಎಂಟು ಅಂಕಿಯ ಕಸ್ಟಮ್ಸ್ ಕೋಡ್‌ಗೆ ಆ ಒಪ್ಪಂದದಲ್ಲಿ ದರ ಎಷ್ಟು ಅಂತ ನೋಡಿ. ಮೂಲ ಪ್ರಮಾಣಪತ್ರ ಒಂದೇ ಸಾಲದು, 2020ರ ಕ್ಯಾರೋಟಾರ್ (ಒಪ್ಪಂದದ ದರ ಕೇಳೋರಿಗೆ ಇರೋ ಕಸ್ಟಮ್ಸ್) ನಿಯಮದ ಪ್ರಕಾರ ಮೂಲ ಹೇಗೆ ಬಂತು ಅನ್ನೋ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು.

---

ಎಣ್ಣೆಮಂಜು

ತೆರಿಗೆ ಸರಿ. ಯಂತ್ರ ಕೂರಿಸುವ ನೆಲ ಯಾರೂ ನೋಡುತ್ತಿಲ್ಲ.

ಪೀಣ್ಯದ ಬಾಡಿಗೆ ಶೆಡ್‌ಗಳಲ್ಲಿ ಮೊದಲು ನೋಡಬೇಕಾದದ್ದು ಪಕ್ಕದ ಗೋಡೆಯಾಚೆ ಯಾರಿದ್ದಾರೆ ಎಂಬುದು. ಪವರ್ ಪ್ರೆಸ್ ಇದ್ದರೆ ಬಿಟ್ಟುಬಿಡಿ. ಡ್ರಿಲ್‌ನ ಮಾರ್ಜಿನ್ (ರಂಧ್ರದ ಗೋಡೆಗೆ ತಾಗುವ ಅಂಚುಪಟ್ಟಿ) ಮೇಲೆ ನಡುಕದ ಗೆರೆ ಬಂದಾಗ ವೀಲ್, ಸ್ಪಿಂಡಲ್, ಪ್ರೋಗ್ರಾಂ ಎಲ್ಲ ಬದಲಿಸಿ ನೋಡುತ್ತಾರೆ, ಕಾರಣ ಗೋಡೆಯಾಚೆ ಇರುತ್ತದೆ. ಪ್ರೆಸ್ ನಡೆಯುವ ಹೊತ್ತಿನಲ್ಲೇ ನೆಲಕ್ಕೆ ಕಂಪನ ಮಾಪಕ ಇಟ್ಟು, ಯಂತ್ರ ತಯಾರಕರು ಕೊಟ್ಟ ಮಿತಿಗೆ ಹೋಲಿಸಿ ಆಮೇಲೆ ಕರಾರಿಗೆ ಸಹಿ ಹಾಕಿ.

ಬೆಂಗಳೂರಿನ ಹವೆ ಚೆನ್ನಾಗಿದೆ, ಎಸಿ ಬೇಡ ಅನ್ನುವುದು ಇಲ್ಲಿಯ ಹಳೇ ಭ್ರಮೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಯಂತ್ರದೊಳಗಿನ 300 ಮಿ.ಮೀ. ಉಕ್ಕು 3 ಡಿಗ್ರಿ ಏರಿದರೆ 10 ಮೈಕ್ರಾನ್. 12 ಮಿ.ಮೀ. ವ್ಯಾಸಕ್ಕೆ ಎಚ್6 ಸಹಿಷ್ಣುತೆ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಒಟ್ಟೇ 11 ಮೈಕ್ರಾನ್. ಮಾರ್ಚ್ ತಿಂಗಳ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಶೀಟ್ ಛಾವಣಿಯಡಿ 10 ಡಿಗ್ರಿ ಸುಲಭವಾಗಿ ಬದಲಾಗುತ್ತದೆ. ಕೋಣೆಗಿಂತ ಗ್ರೈಂಡಿಂಗ್‌ನಲ್ಲಿ ತಂಪಿಗೆ ಹರಿಸುವ ಎಣ್ಣೆಯ ತಾಪ ಮುಖ್ಯ. ಚಿಲ್ಲರ್ ಅನ್ನು ಎಣ್ಣೆಗೆ ಲೆಕ್ಕ ಹಾಕಿ ಕೊಳ್ಳಿ, ±0.5 ಡಿಗ್ರಿಗೆ.

12 ಯಂತ್ರಕ್ಕೆ ಬಿಡಿ ಬಿಡಿ ಫಿಲ್ಟರ್ ಬೇಡ, ಕೇಂದ್ರ ಫಿಲ್ಟರ್ ಹಾಕಿ. ಯಂತ್ರಕ್ಕೆ ನಿಮಿಷಕ್ಕೆ 100 ರಿಂದ 150 ಲೀಟರ್ ಹಿಡಿದರೆ 1,200 ರಿಂದ 1,800 ಲೀಟರ್ ಬೇಕು, ಸೋಸುವಿಕೆ 3 ರಿಂದ 5 ಮೈಕ್ರಾನ್. ಎಣ್ಣೆ ಮಂಜನ್ನು ಎಳೆಯುವ ಡಕ್ಟ್ ಎಲ್ಲ ಯಂತ್ರಕ್ಕೂ ಒಂದೇ ಆಗಿದ್ದರೆ ಪ್ರತಿ ಯಂತ್ರದ ಬಾಯಲ್ಲಿ ಬೆಂಕಿ ಡ್ಯಾಂಪರ್ ಇರಲೇಬೇಕು, ಬೆಂಕಿ ನಂದಿಸಲು ಕಾರ್ಬನ್ ಡೈ ಆಕ್ಸೈಡ್ ಬಿಡುವ ಕ್ಷಣವೇ ಅದು ಮುಚ್ಚಿಕೊಳ್ಳುವಂತೆ ಜೋಡಿಸಿರಬೇಕು. ಇಲ್ಲದಿದ್ದರೆ ಒಂದರಲ್ಲಿ ಹೊತ್ತಿದ ಬೆಂಕಿ ಡಕ್ಟ್ ಹಿಡಿದು ಹನ್ನೆರಡಕ್ಕೂ ಹೋಗುತ್ತದೆ. ವಿಮೆಯವರು ಮೊದಲು ನೋಡುವುದು ಇದನ್ನೇ.

ಗ್ರೈಂಡಿಂಗ್ ಕೆಸರಿನಲ್ಲಿ ಕೋಬಾಲ್ಟ್ ಇದೆ, ಎಣ್ಣೆ ಇದೆ. ಅಪಾಯಕಾರಿ ತ್ಯಾಜ್ಯದ ಲೆಕ್ಕ: ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತಿ ಬೇಕು, 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸುಂಕದಕಟ್ಟೆಯವರು ಹೇಳಿದ ಬಾಂಡ್ ಲೆಕ್ಕವೂ ಇದೇ ಕೆಸರಿಗೆ ಅನ್ವಯ, ಎರಡೂ ರಿಜಿಸ್ಟರ್‌ನ ಕಿಲೋ ಒಂದಕ್ಕೊಂದು ಹೊಂದಬೇಕು.

ಪಿವಿಡಿ ಬಗ್ಗೆ: ಕೋಟಿಂಗ್‌ಗೆ ಮುನ್ನ ತೊಳೆಯುವ ಸಾಲು ಬೇಕು, ಅದರ ನೀರು ಬಂತೆಂದರೆ ಮಂಡಳಿಯ ಸಮ್ಮತಿಯನ್ನು ಹೊಸದಾಗಿ ಪಡೆಯಬೇಕು. ಒಂದು ಬ್ಯಾಚ್ ಹಲವು ಗಂಟೆ ಓಡುತ್ತದೆ, ನಡುವೆ ವಿದ್ಯುತ್ ಹೋದರೆ ಆ ಬ್ಯಾಚ್ ಪೂರ್ತಿ ಕೋಟಿಂಗ್ ತೆಗೆದು ಮತ್ತೆ ಮಾಡಬೇಕು, ಅಂಚು ಹಾಳಾಗುತ್ತದೆ. ಬೆಂಗಳೂರಿನಲ್ಲೇ ಕೂಲಿಗೆ ಕೋಟಿಂಗ್ ಮಾಡುವವರಿದ್ದಾರೆ. ಮೊದಲ ವರ್ಷ ಹೊರಗೆ ಮಾಡಿಸಿ, ಛೇಂಬರ್ ತುಂಬುವಷ್ಟು ಟೂಲ್ ದಿನಾ ಬರುತ್ತಿದೆ ಎಂದಾಗ ಕೊಳ್ಳಿ. ₹6 ಕೋಟಿಯ ಅರ್ಧ ಖಾಲಿ ಛೇಂಬರ್‌ಗೆ ಯಾವ ರಿಯಾಯಿತಿಯೂ ಔಷಧವಲ್ಲ.

---

ಎಂಡ್‌ಮಿಲ್_12

ಎಲ್ಲರಿಗೂ ಧನ್ಯವಾದ. ಕೋಟಿಂಗ್ ಮುಂದೂಡುವ ಮಾತು ಜರ್ಮನಿಗೆ ಇವತ್ತೇ ಬರೀತೀನಿ. ಎರಡು ಉಳಿದಿವೆ: ಕಟ್ಟಡ ಖರ್ಚಿನ ಜಿಎಸ್‌ಟಿ ಸಿಗುತ್ತಾ? ವಸಂತನರಸಾಪುರಕ್ಕೆ ಹೋದರೆ ಸಬ್ಸಿಡಿ ಸಿಗುತ್ತೆ ಅಂತ ಜರ್ಮನಿಗೆ ಸ್ಲೈಡ್ ಕಳಿಸಿ ಆಗಿದೆ, ಅದನ್ನ ಉಳಿಸಿಕೊಳ್ಳೋದಾ, ತೆಗೆಯೋದಾ?

---

ಲೆಕ್ಕಪತ್ರ

ಜಿಎಸ್‌ಟಿ: ಕಾಯ್ದೆಯ 17(5) ಸೆಕ್ಷನ್ ಪ್ರಕಾರ ಕಟ್ಟಡಕ್ಕೆ ಕ್ರೆಡಿಟ್ ಇಲ್ಲ, ಯಂತ್ರಕ್ಕೆ ಉಂಟು. ಯಂತ್ರದ ಅಡಿಪಾಯ, ಅದನ್ನು ಹೊರುವ ರಚನೆ ಯಂತ್ರದ ಭಾಗವೇ. ಶೆಡ್ಡು, ಗೋಡೆ, ಸಾಮಾನ್ಯ ನೆಲ ಸಿವಿಲ್ ರಚನೆ, ಕ್ರೆಡಿಟ್ ಇಲ್ಲ. "ಪ್ಲಾಂಟ್ ಆರ್ ಮಷಿನರಿ" ಅನ್ನುವ ಒಂದು ಪದದ ಮೇಲೆ ಕೋರ್ಟಿನಲ್ಲಿ ಸಿಕ್ಕಿದ್ದ ಆಸೆಯನ್ನು 2025ರ ಹಣಕಾಸು ಕಾಯ್ದೆ "ಆ್ಯಂಡ್" ಅಂತ ತಿದ್ದಿ, 2017ರಿಂದಲೇ ಪೂರ್ವಾನ್ವಯವಾಗಿ ಮುಚ್ಚಿತು. ಹಾಗಾಗಿ ಗುತ್ತಿಗೆದಾರನಿಗೆ ಒಂದೇ ಟರ್ನ್‌ಕೀ (ಎಲ್ಲ ಕೆಲಸ ಸೇರಿದ) ಆರ್ಡರ್ ಕೊಡಬೇಡಿ. ಯಂತ್ರದ ಅಡಿಪಾಯ, ಕ್ರೇನ್, ಡಿಜಿ ಸೆಟ್, ಟ್ರಾನ್ಸ್‌ಫಾರ್ಮರ್, ಎಣ್ಣೆ ಫಿಲ್ಟರ್ ಮತ್ತು ಅದರ ಪೈಪು, ಇವಕ್ಕೆ ಬೇರೆ ಆರ್ಡರ್, ಬೇರೆ ಬಿಲ್. ಒಂದೇ ಬಿಲ್‌ನಲ್ಲಿ "ಕಾರ್ಖಾನೆ ನಿರ್ಮಾಣ" ಅಂತ ಬಂದರೆ ಅಷ್ಟೂ ಕ್ರೆಡಿಟ್ ಹೋಗುತ್ತೆ.

ಇನ್ನೊಂದು ಸಣ್ಣ ತಿರುವು. ರಫ್ತನ್ನು ಎಲ್‌ಯುಟಿ (ಮುಚ್ಚಳಿಕೆ ಪತ್ರ) ಮೇಲೆ ತೆರಿಗೆ ಇಲ್ಲದೆ ಮಾಡಿದರೆ, ಮರುಪಾವತಿಯ ಸೂತ್ರದಲ್ಲಿ ಬಂಡವಾಳ ಸರಕಿನ ಕ್ರೆಡಿಟ್ ಸೇರಲ್ಲ. ಯಂತ್ರದ ಐಜಿಎಸ್‌ಟಿ ಕ್ರೆಡಿಟ್ ಸಿಕ್ಕಿಹಾಕಿಕೊಂಡಿದ್ದರೆ, ಐಜಿಎಸ್‌ಟಿ ಕಟ್ಟಿ ರಫ್ತು ಮಾಡಿ ಮರುಪಾವತಿ ಕೇಳಿ. ಆಗ ಆ ಕ್ರೆಡಿಟ್ ನಗದಾಗುತ್ತೆ.

---

ನಾಲ್ಕನೇ ಹಂತ

ಸಬ್ಸಿಡಿ ಸ್ಲೈಡ್ ಬಗ್ಗೆ ಖಾರವಾಗಿಯೇ ಹೇಳುವೆ.

ಫೆಬ್ರವರಿ 2025ರ ಇನ್ವೆಸ್ಟ್ ಕರ್ನಾಟಕದಲ್ಲಿ ಬಂದ 2025-30ರ ಕೈಗಾರಿಕಾ ನೀತಿ ರಾಜ್ಯವನ್ನು ಮೂರು ವಲಯ ಮಾಡಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಮೂರನೇ ವಲಯ, ಪ್ರೋತ್ಸಾಹದಲ್ಲಿ ಕೊನೆಯ ಸಾಲು. ಪೀಣ್ಯದಲ್ಲಿ ಉಳಿದರೆ ಆ ಸ್ಲೈಡ್ ಹರಿದುಹಾಕಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರಕ್ಕೆ ಹೋದರೂ ಗ್ರಾಮಾಂತರವೇ. ರಾಮನಗರ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂಬ ಹೆಸರು, ಅದರಿಂದ ಬಿಡದಿ, ಹಾರೋಹಳ್ಳಿ ಮೂರನೇ ವಲಯ ಆಯಿತೆಂದು ಗಾಬರಿ ಬೇಡ; ಜಿಲ್ಲೆಯ ಫಲಕ ನೋಡಬೇಡಿ, ಆದೇಶದ ತಾಲ್ಲೂಕು ಪಟ್ಟಿ ನೋಡಿ. ವಸಂತನರಸಾಪುರ ತುಮಕೂರು ಜಿಲ್ಲೆ, ಅಲ್ಲಿ ಪ್ರೋತ್ಸಾಹ ಉಂಟು, ಮಷಿನ್ ಟೂಲ್ ಪಾರ್ಕ್ ಕೂಡ ಅಲ್ಲೇ. ನೀತಿಯಲ್ಲಿ ಬಂಡವಾಳ ಸಬ್ಸಿಡಿ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹ, ಎರಡರಲ್ಲಿ ಒಂದನ್ನು ಆರಿಸಬೇಕು.

ಆದರೆ ಮೂರು ವಿಷಯ ನೆನಪಿರಲಿ. ಒಂದು, ಅನುಮೋದನೆ ಮೊದಲು, ಖರ್ಚು ಆಮೇಲೆ. ₹15 ಕೋಟಿ ದಾಟಿ ₹500 ಕೋಟಿಯೊಳಗಿನ ಯೋಜನೆ ರಾಜ್ಯ ಮಟ್ಟದ ಏಕಗವಾಕ್ಷಿ ಸಮಿತಿಗೆ ಹೋಗುತ್ತೆ, ಕರ್ನಾಟಕ ಉದ್ಯೋಗ ಮಿತ್ರದ ಮೂಲಕ. ಎರಡು, ಹಣ ಬರೋದು ಉತ್ಪಾದನೆ ಶುರುವಾಗಿ, ದಾಖಲೆ ಒಪ್ಪಿಗೆಯಾದ ಮೇಲೆ ಮರುಪಾವತಿಯಾಗಿ. ಮೊದಲ ವರ್ಷದ ನಗದು ಹರಿವಿನಲ್ಲಿ ಅದನ್ನು ತೋರಿಸುವುದು ಮಳೆ ನಂಬಿ ಸಾಲ ಮಾಡಿದ ಹಾಗೆ. ಮೂರು, ಅದರ ಮೇಲೂ ತೆರಿಗೆ ಇದೆ. ಯಂತ್ರದ ಲೆಕ್ಕಕ್ಕೆ ಬಂದ ಸಬ್ಸಿಡಿ ಯಂತ್ರದ ಬೆಲೆಯಿಂದ ಕಳೆದು ಸವಕಳಿ ಕಡಿಮೆ ಮಾಡುತ್ತೆ, ಬೇರೆ ರೀತಿಯಲ್ಲಿ ಬಂದದ್ದು ನೇರ ಆದಾಯ.

ಇದಕ್ಕಿಂತ ಒಳಗಿನ ಮಾತು ಇನ್ನೊಂದಿದೆ. ಜರ್ಮನಿಗೆ ಹೋಗುವ ಟೂಲ್‌ಗಳ ಬೆಲೆ ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಅಂತ ನಿಗದಿಯಾಗಿದ್ದರೆ, ಇಲ್ಲಿ ಉಳಿಸಿದ ಪ್ರತಿ ರೂಪಾಯಿ ಖರ್ಚನ್ನು ಇಳಿಸಿ, ಬೆಲೆಯನ್ನೂ ಇಳಿಸುತ್ತೆ. ರಿಯಾಯಿತಿಯ ಲಾಭ ಜರ್ಮನಿಯ ಪುಸ್ತಕಕ್ಕೆ ಹೋಗುತ್ತೆ, ಇಲ್ಲಿನ ಘಟಕಕ್ಕೆ ಕಾಗದದ ಕೆಲಸ ಉಳಿಯುತ್ತೆ. ಸಬ್ಸಿಡಿಯನ್ನು ಖರ್ಚಿನ ಲೆಕ್ಕದಲ್ಲಿ ಕಳೆಯಬೇಕೋ ಬೇಡವೋ ಅಂತ ಒಪ್ಪಂದದಲ್ಲೇ ಈಗಲೇ ಬರೆಸಿಕೊಳ್ಳಿ. ಮಾತೃಸಂಸ್ಥೆ ಸಾಲದ ರೂಪದಲ್ಲಿ ಹಣ ಕೊಡೋದಾದರೆ ಆದಾಯ ತೆರಿಗೆಯ 94ಬಿ ಸೆಕ್ಷನ್ ಕೂಡ ನೋಡಿ: ಅವರಿಗೆ ಕಟ್ಟುವ ಬಡ್ಡಿ ವರ್ಷಕ್ಕೆ ₹1 ಕೋಟಿ ದಾಟಿದರೆ, ಬಡ್ಡಿ-ತೆರಿಗೆ-ಸವಕಳಿಗೆ ಮುಂಚಿನ ಲಾಭದ 30 ಶೇಕಡಾದವರೆಗೆ ಮಾತ್ರ ಖರ್ಚೆಂದು ಒಪ್ಪುತ್ತಾರೆ.

ಜಾಗದ ಬಗ್ಗೆ: ಪಕ್ಕದ ಶೆಡ್ ಹಿಡಿಯುವ ಮೊದಲು ಅದರ ಮಾಲೀಕರಿಗೆ ಕೆಐಎಡಿಬಿಯಿಂದ (ರಾಜ್ಯದ ಕೈಗಾರಿಕಾ ಪ್ರದೇಶ ಮಂಡಳಿ) ಮಾರಾಟ ಪತ್ರ ಆಗಿದೆಯೋ, ಇನ್ನೂ ಲೀಸ್-ಕಂ-ಸೇಲ್‌ (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಕರಾರಿನಲ್ಲಿದೆಯೋ ನೋಡಿ. ಲೀಸ್‌ನಲ್ಲಿದ್ದರೆ ಉಪಬಾಡಿಗೆಗೆ ಮಂಡಳಿಯ ಅನುಮತಿ ಬೇಕು. ಆ ಕಾಗದ ಇಲ್ಲದಿದ್ದರೆ ಮೂವರ್ ಅರ್ಜಿಯ ಜಾಗದ ದಾಖಲೆಯೇ ಕುಂಟುತ್ತೆ, ಬೆಸ್ಕಾಂ ಎಚ್‌ಟಿ (ಹೆಚ್ಚು ಒತ್ತಡದ ವಿದ್ಯುತ್) ಸಂಪರ್ಕವೂ ಕುಂಟುತ್ತೆ. 36 ಜನರಲ್ಲಿ 5 ಅಕ್ಷದ ಗ್ರೈಂಡರ್ ಸೆಟ್ಟರ್ (ಯಂತ್ರ ಹೊಂದಿಸುವವರು) ಎಷ್ಟು ಜನ ಬೇಕು ಅಂತಲೂ ಎಣಿಸಿ. ಪೀಣ್ಯದ ಸೆಟ್ಟರ್‌ಗಳು ತುಮಕೂರಿಗೆ ಮನೆ ಬದಲಿಸಿಕೊಂಡು ಬರೋದು ಅಪರೂಪ, ದಿನಾ ಬಸ್ ಬಿಟ್ಟರೂ ಎರಡನೇ ಪಾಳಿ ಖಾಲಿ ಬೀಳುತ್ತೆ.

---

ಸುಂಕದಕಟ್ಟೆ

ನಾಲ್ಕನೇ ಹಂತದವರ ಕೊನೆ ಮಾತಿಗೆ ಒಂದು ಸೇರಿಸ್ತೀನಿ. ಹೊಸ ಐಟಿಐ ಹುಡುಗರನ್ನ ತುಮಕೂರಿನಲ್ಲೇ ತೆಗೆದುಕೊಂಡರೆ ಬಸ್ ಪ್ರಶ್ನೆ ಇಲ್ಲ, ಆದರೆ ಒಬ್ಬ ಸೆಟ್ಟರ್ ಕೈ ಪಳಗೋಕೆ ವರ್ಷ ಬೇಕು. ಹಾಗಾಗಿ ಪೀಣ್ಯದ ಶೆಡ್‌ಗೆ ಮೂವರ್ ಲೈಸೆನ್ಸ್ ಮಾಡಿ ಹೊಸ 7 ಯಂತ್ರ ಇಳಿಸಿ. ಬಳಸಿದ 5ನ್ನು ಅದೇ ಲೈಸೆನ್ಸ್ ಅಡಿ ತಂದರೆ ₹49.5 ಲಕ್ಷ ಬೇಸಿಕ್ ಡ್ಯೂಟಿ ಮತ್ತು ಸರ್‌ಚಾರ್ಜ್ ಕೂಡ ಮುಂದಕ್ಕೆ ಹೋಗುತ್ತೆ. ಮುಂದೆ ವಸಂತನರಸಾಪುರ ತೀರ್ಮಾನ ಆದರೆ ಒಂದು ಬಾಂಡೆಡ್ ಜಾಗದಿಂದ ಇನ್ನೊಂದಕ್ಕೆ ಯಂತ್ರ ಸಾಗಿಸಲು ದಾರಿ ಇದೆ, ಸುಂಕ ಕಟ್ಟಬೇಕಿಲ್ಲ. ಅರ್ಜಿಯ ಜೊತೆ ಕೊಡೋ ನಕ್ಷೆಯಲ್ಲಿ ರಾಡ್ ಸ್ಟೋರ್, ಚೂರಿನ ಪಂಜರ, ಕೆಸರಿನ ಡ್ರಮ್ ಇಡೋ ಜಾಗ ಮೂರನ್ನೂ ಗುರುತು ಮಾಡಿ ಕೊಡಿ, ಅಧಿಕಾರಿಗಳು ಮೊದಲ ಭೇಟಿಯಲ್ಲಿ ಕೇಳೋದು ಅದನ್ನೇ.